ಗಲಿವರ್ ಮನೆಗೆ ಮರಳಿದಾಗ

1707ರ ಏಪ್ರಿಲ್ 11ರಂದು ಲೆಮ್ಯುಯೆಲ್ ಗಲಿವರ್ ಮದರಾಸಿಗೆ ಬಂದಿಳಿದ. ಅವನು 'ಹೋಪ್‌ವೆಲ್' ಎಂಬ ಹಡಗಿನ ವೈದ್ಯ. ನಾವಿಕರಲ್ಲಿ ಹಲವರು ಕಾಯಿಲೆ ಬಿದ್ದಿದ್ದರಿಂದ ಹಡಗು ಸೇಂಟ್ ಜಾರ್ಜ್ ಕೋಟೆಯಲ್ಲಿ ಮೂರು ವಾರ ನಿಂತಿತು, ಆಮೇಲೆ ಟಾಂಕಿನ್ ಕಡೆಗೆ ಹೊರಟಿತು. ಮದರಾಸಿನ ಬಗ್ಗೆ ಅವನು ಹೇಳುವುದು ಇಷ್ಟೇ. ಬಿಸಿಲಿನ ಮಾತಿಲ್ಲ, ಕಡಲಿನ ಮಾತಿಲ್ಲ, ಕೋಟೆಯ ಹೊರಗಿದ್ದ ಜನರ ಮಾತಂತೂ ಇಲ್ಲವೇ ಇಲ್ಲ. ಭೂಪಟದಲ್ಲೇ ಇಲ್ಲದ ಊರಿನ ಕೋಟೆಗೋಡೆ ಎರಡೂವರೆ ಅಡಿ ಎತ್ತರ, ಹನ್ನೊಂದು ಅಂಗುಲ ಅಗಲ ಎಂದು ಲೆಕ್ಕ ಒಪ್ಪಿಸುವ ಈ ಮನುಷ್ಯ, ನಿಜವಾಗಿ ಇರುವ ಊರೊಂದನ್ನು ಒಂದೇ ಉಸಿರಿಗೆ ದಾಟಿ ಹೋಗುತ್ತಾನೆ.

ಗಲಿವರ್ ಕಟ್ಟುಕಥೆಯ ಮನುಷ್ಯ, ನಿಜ. ಅವನನ್ನು ಸೃಷ್ಟಿಸಿದ ಜೊನಾಥನ್ ಸ್ವಿಫ್ಟ್ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್. ಐರ್ಲೆಂಡಿಗೂ ಇಂಗ್ಲೆಂಡಿಗೂ ನಡುವಿನ ಸಮುದ್ರ ಬಿಟ್ಟರೆ ಬೇರೆ ಕಡಲು ದಾಟಿದವನಲ್ಲ. ಆದರೆ 1726ರ ಅಕ್ಟೋಬರ್ 28ರಂದು ಲಂಡನ್ನಿನಲ್ಲಿ ಬೆಂಜಮಿನ್ ಮಾಟ್ ಈ ಪುಸ್ತಕ ಪ್ರಕಟಿಸಿದಾಗ ಅದರಲ್ಲಿ ಸ್ವಿಫ್ಟ್‌ನ ಹೆಸರೇ ಇರಲಿಲ್ಲ. ಮೊದಲು ಶಸ್ತ್ರವೈದ್ಯನೂ ಆಮೇಲೆ ಹಲವು ಹಡಗುಗಳ ಕಪ್ತಾನನೂ ಆಗಿದ್ದ ಲೆಮ್ಯುಯೆಲ್ ಗಲಿವರ್ ದೂರದ ನಾಡುಗಳಿಗೆ ಹೋಗಿಬಂದ ವೃತ್ತಾಂತ ಎಂದಷ್ಟೇ ಅಚ್ಚಾಗಿತ್ತು. ಮುಖಪುಟದ ಎದುರಿಗೆ ಕಪ್ತಾನ ಗಲಿವರನ ಚಿತ್ರವೂ ಇತ್ತು. ಚಿತ್ರದ ಕೆಳಗೆ ವಯಸ್ಸು 58 ಎಂದು ಬರೆದಿತ್ತು. ಆ ದಿನ ಸ್ವಿಫ್ಟ್‌ಗೂ ಅಷ್ಟೇ ವಯಸ್ಸು.

ನಮ್ಮಲ್ಲಿ ಬಹುತೇಕರಿಗೆ ಗಲಿವರ್ ಎಂದರೆ ಒಂದು ಚಿತ್ರ. ಮರಳಿನ ಮೇಲೆ ಅಂಗಾತ ಮಲಗಿದ ಒಬ್ಬ ದೈತ್ಯ, ಅವನ ಕೂದಲನ್ನೂ ಕೈಕಾಲುಗಳನ್ನೂ ದಾರದಿಂದ ಬಿಗಿದ ಬೆರಳುದ್ದದ ಜನ. ನನಗೂ ಶಾಲೆಯಲ್ಲಿ ಸಿಕ್ಕಿದ್ದು ಅದೇ. ಕುಳ್ಳರ ನಾಡು, ಆಮೇಲೆ ದೈತ್ಯರ ನಾಡು, ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಪೂರ್ತಿ ಪುಸ್ತಕವನ್ನು ಓದಿದ್ದು ನಲವತ್ತರ ಹೊಸ್ತಿಲಲ್ಲಿ. ಓದಿ ಮುಗಿಸಿದ ರಾತ್ರಿ ನನ್ನನ್ನು ಕಾಡಿದ್ದು ಕುಳ್ಳರೂ ಅಲ್ಲ, ದೈತ್ಯರೂ ಅಲ್ಲ. ಪುಸ್ತಕದ ಕೊನೆಯಲ್ಲಿ ಮನೆಗೆ ಮರಳುವ ಆ ಮನುಷ್ಯ. ಇಷ್ಟೆಲ್ಲ ನೋಡಿಬಂದವನಿಗೆ ಹೀಗೇಕಾಯಿತು? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಹೊರಡುವಾಗ ಅವನು ಸಾಧಾರಣ ಮನುಷ್ಯ. ನಾಟಿಂಗ್‌ಹ್ಯಾಮ್‌ಷೈರಿನಲ್ಲಿ ಸಣ್ಣ ಆಸ್ತಿಯಿದ್ದ ತಂದೆಯ ಐದು ಗಂಡುಮಕ್ಕಳಲ್ಲಿ ಮೂರನೆಯವನು. ಹದಿನಾಲ್ಕಕ್ಕೆ ಕೇಂಬ್ರಿಜಿನ ಇಮ್ಯಾನುಯೆಲ್ ಕಾಲೇಜು ಸೇರಿದ. ಮೂರು ವರ್ಷಕ್ಕೆ ಖರ್ಚು ನಿಭಾಯಿಸಲಾಗದೆ ಬಿಟ್ಟು, ಲಂಡನ್ನಿನ ಜೇಮ್ಸ್ ಬೇಟ್ಸ್ ಎಂಬ ಶಸ್ತ್ರವೈದ್ಯನ ಬಳಿ ಕೆಲಸ ಕಲಿತ. ಹಾಲೆಂಡಿನ ಲೈಡನ್ನಿನಲ್ಲಿ ವೈದ್ಯಶಾಸ್ತ್ರ ಓದಿದ. ನ್ಯೂಗೇಟ್ ಬೀದಿಯ ಕಾಲುಚೀಲದ ವ್ಯಾಪಾರಿಯ ಮಗಳು ಮೇರಿ ಬರ್ಟನ್‌ಳನ್ನು ಮದುವೆಯಾದ. ವರದಕ್ಷಿಣೆ ನಾನೂರು ಪೌಂಡು. ಎರಡು ವರ್ಷದಲ್ಲಿ ಗುರು ಬೇಟ್ಸ್ ತೀರಿಕೊಂಡ. ಗಲಿವರನಿಗೆ ಸ್ನೇಹಿತರು ಕಡಿಮೆ. ಜೊತೆಯ ವೈದ್ಯರು ನಡೆಸುತ್ತಿದ್ದ ಅಡ್ಡದಾರಿಗಳನ್ನು ಹಿಡಿಯಲು ಮನಸ್ಸಾಕ್ಷಿ ಒಪ್ಪಲಿಲ್ಲ. ಹಾಗಾಗಿ ವೃತ್ತಿ ಕುಸಿಯಿತು, ಸಮುದ್ರಕ್ಕೆ ಹೊರಟ. ಇದನ್ನು ನಾವು ಮರೆಯಬಾರದು. ಗಲಿವರ್ ಸಾಹಸಕ್ಕೆಂದು ಹಡಗು ಹತ್ತಿದವನಲ್ಲ, ಸಂಸಾರ ಸಾಗಿಸಲೆಂದು ಹತ್ತಿದವನು. ಅದೂ ಪ್ರಾಮಾಣಿಕನಾಗಿದ್ದ ಕಾರಣಕ್ಕೆ.

ಆ ಕಾಲದಲ್ಲಿ ಅಂಥವರು ಬಹಳ ಜನರಿದ್ದರು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಬದುಕು ಹಡಗುಗಳ ಮೇಲೆ ನಿಂತಿತ್ತು. ಸೂರತ್, ಮದರಾಸುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿಗಳಿದ್ದವು. ಗಲಿವರನ ಎರಡನೇ ಯಾನ 1702ರ ಜೂನ್ 20ರಂದು ಹೊರಟದ್ದು ಸೂರತ್ತಿಗೆಂದೇ. ಬಿರುಗಾಳಿ ದಾರಿ ತಪ್ಪಿಸಿ ದೈತ್ಯರ ನಾಡಿಗೆ ಒಯ್ದಿತು. ಹೀಗೆ ಹೋಗಿಬಂದವರ ಪ್ರವಾಸಕಥನಗಳನ್ನು ಜನ ಮುಗಿಬಿದ್ದು ಓದುತ್ತಿದ್ದರು. ಅವುಗಳಲ್ಲಿ ಹೆಸರಾದದ್ದು ವಿಲಿಯಂ ಡ್ಯಾಂಪಿಯರನ ಪ್ರಪಂಚ ಪರ್ಯಟನೆ, 1697ರಲ್ಲಿ ಬಂದದ್ದು. ದಿಕ್ಕು, ಗಾಳಿ, ಅಕ್ಷಾಂಶ, ಆಳ ಎಲ್ಲವನ್ನೂ ಗುರುತು ಹಾಕಿಕೊಂಡು ಬರೆಯುವ ಆ ಒಣ, ನಂಬಿಕೆ ಹುಟ್ಟಿಸುವ ಧಾಟಿಯನ್ನೇ ಸ್ವಿಫ್ಟ್ ಗಲಿವರನ ಬಾಯಿಗೆ ಕೊಟ್ಟ. 1735ರ ಡಬ್ಲಿನ್ ಆವೃತ್ತಿಗೆ ಸೇರಿಸಿದ ಪತ್ರದಲ್ಲಂತೂ ಗಲಿವರ್ ಡ್ಯಾಂಪಿಯರನನ್ನು ತನ್ನ ನೆಂಟನೆಂದೇ ಕರೆದುಕೊಳ್ಳುತ್ತಾನೆ.

ಡ್ಯಾಂಪಿಯರನ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಅದಿಲ್ಲದೆ ಗಲಿವರ್ ನನಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. 1690ರಲ್ಲಿ ಡ್ಯಾಂಪಿಯರ್ ಇದೇ ಮದರಾಸಿನ ಕೋಟೆಯಲ್ಲಿದ್ದ. ಮೈತುಂಬ ಹಚ್ಚೆ ಹೊಯ್ಸಿಕೊಂಡ ಜಿಯೋಲಿ ಎಂಬ ದ್ವೀಪವಾಸಿಯನ್ನೂ ಅವನ ತಾಯಿಯನ್ನೂ ಒಬ್ಬ ಇಂಗ್ಲಿಷ್ ವ್ಯಾಪಾರಿ ಮಿಂಡನಾವೊದಲ್ಲಿ ಕೊಂಡು ತಂದಿದ್ದ. ಮುಂದೆ ಆ ಮನುಷ್ಯನಲ್ಲಿ ಡ್ಯಾಂಪಿಯರನಿಗೂ ಅರ್ಧ ಪಾಲು ಸಿಕ್ಕಿತು. ತಾಯಿ ದಾರಿಯಲ್ಲೇ ಸತ್ತಳು. ಮಗನನ್ನು 1691ರಲ್ಲಿ ಲಂಡನ್ನಿಗೆ ಒಯ್ದರು. ಕೈಯಲ್ಲಿ ಕಾಸಿಲ್ಲದ ಡ್ಯಾಂಪಿಯರ್ ತನ್ನ ಪಾಲನ್ನು ಮಾರಿಕೊಂಡ. ಜಿಯೋಲಿಯನ್ನು ದುಡ್ಡು ಕೊಟ್ಟವರ ಮುಂದೆ ನಿಲ್ಲಿಸಿ ತೋರಿಸಿದರು. ಕೊನೆಗೆ ಅವನು ಆಕ್ಸ್‌ಫರ್ಡಿನಲ್ಲಿ ಸಿಡುಬು ಬಂದು ಸತ್ತ.

ಈಗ ಗಲಿವರನನ್ನು ನೋಡಿ. 1701ರಲ್ಲಿ ಅವನು ಲಿಲಿಪುಟ್ಟಿನ ನೆರೆಯ ಬ್ಲೆಫಸ್ಕುವಿನಿಂದ ಊರಿಗೆ ಹೊರಟಾಗ ಪುಟ್ಟ ಪುಟ್ಟ ದನಗಳನ್ನೂ ಕುರಿಗಳನ್ನೂ ಕಿಸೆಯಲ್ಲಿಟ್ಟುಕೊಂಡು ಬಂದ. ಇಂಗ್ಲೆಂಡಿನಲ್ಲಿ ಅವನ್ನು ದೊಡ್ಡ ಮನುಷ್ಯರಿಗೆ ತೋರಿಸಿ ದುಡ್ಡು ಮಾಡಿದ, ಆಮೇಲೆ ಆರುನೂರು ಪೌಂಡಿಗೆ ಮಾರಿದ. ಒಂದು ಡಜನ್ ಮನುಷ್ಯರನ್ನೂ ತರುವ ಆಸೆ ಅವನಿಗಿತ್ತು. ಅಲ್ಲಿಯ ದೊರೆ ಒಪ್ಪಲಿಲ್ಲ, ಅಷ್ಟೇ. 1703ರಲ್ಲಿ ದೈತ್ಯರ ನಾಡಾದ ಬ್ರಾಬ್ಡಿಂಗ್‌ನಾಗ್‌ನಲ್ಲಿ ಒಬ್ಬ ರೈತನ ಕೈಗೆ ಸಿಕ್ಕ. ರೈತ ಅವನನ್ನು ಪೆಟ್ಟಿಗೆಯಲ್ಲಿಟ್ಟು ಸಂತೆಗೆ ಒಯ್ದ. ಮೊದಲ ದಿನವೇ ಹನ್ನೆರಡು ಗುಂಪುಗಳ ಮುಂದೆ ಕುಣಿಸಿದ. ಊರೂರು ತಿರುಗಿಸಿ ತೋರಿಸಿ, ಇವನು ಮೂಳೆ ಚಕ್ಕಳವಾಗಿ ಇನ್ನೊಂದು ತಿಂಗಳು ಬದುಕುವುದಿಲ್ಲ ಎನ್ನಿಸಿದಾಗ ಸಾವಿರ ಚಿನ್ನದ ನಾಣ್ಯಕ್ಕೆ ರಾಣಿಗೆ ಮಾರಿದ. ಗಲಿವರ್ ಇದೆಲ್ಲವನ್ನೂ ನೋವಿನಿಂದ ಹೇಳಿಕೊಳ್ಳುತ್ತಾನೆ. ಆದರೆ ತಾನು ಮಾಡಿದ್ದೂ ಇದೇ, ಇನ್ನೂ ಹೆಚ್ಚು ಮಾಡಲು ಹೊರಟಿದ್ದೆ ಎಂಬುದು ಅವನಿಗೆ ಹೊಳೆಯುವುದಿಲ್ಲ. ಅವನ ಸ್ವಭಾವದ ಗಂಟು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುತ್ತಾನೆ, ಆ ಕೋಲನ್ನು ತನ್ನ ಕಡೆಗೆ ಮಾತ್ರ ತಿರುಗಿಸುವುದಿಲ್ಲ.

ಇನ್ನೂ ಒಂದು ವಿಷಯ. ಅವನ ಕೋಲು ಊರೂರಿಗೂ ಬದಲಾಗುತ್ತದೆ. ಲಿಲಿಪುಟ್ಟಿನಲ್ಲಿ ಅವನು ಎಲ್ಲರಿಗಿಂತ ಹನ್ನೆರಡು ಪಟ್ಟು ದೊಡ್ಡವನು. ಬ್ಲೆಫಸ್ಕುವಿನ ಐವತ್ತು ಯುದ್ಧನೌಕೆಗಳನ್ನು ಹಗ್ಗ ಕಟ್ಟಿ ಎಳೆದು ತರುತ್ತಾನೆ. ಇಡೀ ಬ್ಲೆಫಸ್ಕುವನ್ನೇ ಅಡಿಯಾಳು ಮಾಡಿಕೊಡು ಎಂದು ಚಕ್ರವರ್ತಿ ಕೇಳಿದಾಗ, ಸ್ವತಂತ್ರರಾದ ಶೂರ ಜನರನ್ನು ಗುಲಾಮಗಿರಿಗೆ ತಳ್ಳುವ ಕೆಲಸಕ್ಕೆ ತಾನು ಸಾಧನವಾಗುವುದಿಲ್ಲ ಎಂದು ನಿರಾಕರಿಸುತ್ತಾನೆ. ಇದು ಅವನ ಬದುಕಿನ ಅತ್ಯಂತ ಎತ್ತರದ ಗಳಿಗೆ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಮಂತ್ರಿಗಳು ದೇಶದ್ರೋಹದ ಆರೋಪ ಹೊರಿಸಿ ಅವನ ಕಣ್ಣು ಕೀಳಿಸಲು ತೀರ್ಮಾನಿಸುತ್ತಾರೆ. ಬ್ಲೆಫಸ್ಕು ಎಂದರೆ ಫ್ರಾನ್ಸ್, ಎತ್ತರದ ಮತ್ತು ತಗ್ಗಿನ ಹಿಮ್ಮಡಿಯ ಪಕ್ಷಗಳೆಂದರೆ ಟೋರಿ ಮತ್ತು ವಿಗ್ ಎಂದು ವಿದ್ವಾಂಸರು ಬಹಳ ಕಾಲದಿಂದ ಓದುತ್ತ ಬಂದಿದ್ದಾರೆ. 1713ರಲ್ಲಿ ಫ್ರಾನ್ಸಿನ ಜೊತೆ ಯೂಟ್ರೆಕ್ಟ್ ಒಪ್ಪಂದ ಮಾಡಿಕೊಂಡ ಸ್ವಿಫ್ಟ್‌ನ ಗೆಳೆಯರಾದ ಟೋರಿ ಮಂತ್ರಿಗಳ ಮೇಲೆ 1715ರಲ್ಲಿ ದೋಷಾರೋಪಣೆ ನಡೆದದ್ದನ್ನು ನೆನೆದರೆ ಆ ಓದು ಸರಿಯೆನಿಸುತ್ತದೆ.

ಆದರೆ ದೈತ್ಯರ ನಾಡಿಗೆ ಬಂದ ಅದೇ ಗಲಿವರ್ ಏನು ಮಾಡುತ್ತಾನೆ? ಇಲ್ಲಿ ಅವನು ಬೆರಳುದ್ದದವನು. ಒಂಬತ್ತು ವರ್ಷದ ಹುಡುಗಿ ಗ್ಲಮ್‌ಡಾಲ್‌ಕ್ಲಿಚ್‌ಳ ಮಡಿಲೇ ಅವನ ಮನೆ. ರಾಜನ ಕಣ್ಣಲ್ಲಿ ದೊಡ್ಡವನಾಗಬೇಕು. ಅದಕ್ಕೆ ಮದ್ದಿನಪುಡಿ ಮಾಡುವ ಗುಟ್ಟನ್ನು ಹೇಳಿಕೊಡಲು ಮುಂದಾಗುತ್ತಾನೆ. ಮಾತು ಕೇಳದ ಊರನ್ನು ಕೆಲವೇ ಗಂಟೆಗಳಲ್ಲಿ ನೆಲಸಮ ಮಾಡಬಹುದು ಎಂದು ಆಸೆ ತೋರಿಸುತ್ತಾನೆ. ರಾಜ ಬೆಚ್ಚಿಬೀಳುತ್ತಾನೆ. ಇಷ್ಟು ಚಿಕ್ಕ ಹುಳ ಇಷ್ಟು ಕ್ರೂರವಾದದ್ದನ್ನು ಇಷ್ಟು ಸಲೀಸಾಗಿ ಹೇಳಬಲ್ಲದೇ ಎಂದು ಅವನಿಗೆ ದಿಗಿಲು. ಅರ್ಧ ರಾಜ್ಯ ಹೋದರೂ ಸರಿ, ಆ ಗುಟ್ಟು ಬೇಡ, ಪ್ರಾಣದ ಮೇಲೆ ಆಸೆಯಿದ್ದರೆ ಮತ್ತೆ ಅದರ ಮಾತೆತ್ತಬೇಡ ಎನ್ನುತ್ತಾನೆ. ಗಲಿವರನಿಗೆ ನಾಚಿಕೆಯಾಗುವುದಿಲ್ಲ, ಪಾಪ, ಹೊರಗಿನ ಲೋಕ ಕಾಣದ ರಾಜ, ಸಂಕುಚಿತ ಬುದ್ಧಿ ಎಂದು ಅವನ ಬಗ್ಗೆಯೇ ಮರುಕಪಡುತ್ತಾನೆ. ಎರಡು ವರ್ಷಗಳ ಹಿಂದೆ ಒಂದು ಜನಾಂಗದ ಸ್ವಾತಂತ್ರ್ಯಕ್ಕಾಗಿ ನಿಂತವನು ಇವನೇ. ಅಂದು ಅವನಿಗಿದ್ದದ್ದು ನಿಜವಾದ ಧರ್ಮಬುದ್ಧಿಯೇ, ಎತ್ತರ ಕೊಟ್ಟ ಧೈರ್ಯವೇ? ಸ್ವಿಫ್ಟ್ ಉತ್ತರ ಹೇಳುವುದಿಲ್ಲ.

ದೈತ್ಯರ ನಾಡಿನಿಂದ 1706ರ ಜೂನ್ 3ರಂದು ಲಂಡನ್ನಿನ ಹತ್ತಿರದ ರೆಡ್ರಿಫ್‌ನ ಮನೆಗೆ ಬರುವ ಸನ್ನಿವೇಶ ನಗು ತರಿಸುತ್ತದೆ. ದಾರಿಯಲ್ಲಿ ಮನೆ, ಮರ, ಜನ ಎಲ್ಲ ಚಿಕ್ಕದಾಗಿ ಕಂಡು, ಕಾಲಡಿಗೆ ಸಿಕ್ಕಾರು ಎಂದು ದಾರಿ ಬಿಡಿರೋ ಎಂದು ಕೂಗುತ್ತಾನೆ. ತನ್ನದೇ ಮನೆಯ ಬಾಗಿಲಲ್ಲಿ, ತಲೆ ತಾಗೀತು ಎಂದು ಬಗ್ಗಿ ಒಳಗೆ ಬರುತ್ತಾನೆ. ಅಪ್ಪಿಕೊಳ್ಳಲು ಓಡಿಬಂದ ಹೆಂಡತಿಯ ಮೊಣಕಾಲಿಗಿಂತ ಕೆಳಗೆ ಬಾಗುತ್ತಾನೆ, ಇಲ್ಲದಿದ್ದರೆ ಅವಳಿಗೆ ತನ್ನ ಬಾಯಿ ಎಟುಕದು ಎಂದು. ನೀವೆಲ್ಲ ಹೊಟ್ಟೆಗೆ ತಿನ್ನದೆ ಹೀಗೆ ಕುಗ್ಗಿದ್ದೀರಿ ಎಂದು ಬೈಯುತ್ತಾನೆ.

ಇಲ್ಲಿ ನನ್ನದೊಂದು ನೆನಪು ಹೇಳಬೇಕು. ನಮ್ಮದು ಮಲೆನಾಡಿನ ಹಳೆಯ ಮನೆ. ಬಾಗಿಲು ತಗ್ಗು, ಬಂದವರೆಲ್ಲ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಊರು ಬಿಟ್ಟು ಏಳೆಂಟು ವರ್ಷ ದೊಡ್ಡ ನಗರದಲ್ಲಿದ್ದು ಒಮ್ಮೆ ಮರಳಿದಾಗ ಬಗ್ಗುವುದು ಮರೆತು ಹಣೆ ಬಡಿಸಿಕೊಂಡೆ. ನೋವಿನ ಸಿಟ್ಟಿನಲ್ಲಿ, ಇದೇನು ಮನೆಯೋ ಗುಹೆಯೋ ಎಂದೆ. ಅಡುಗೆಮನೆಯ ಕತ್ತಲು, ಹೊಗೆ, ಅಮ್ಮ ಹಳೆಯ ಬಟ್ಟೆಯಲ್ಲಿ ಪಾತ್ರೆ ಹಿಡಿಯುವ ರೀತಿ, ಎಲ್ಲವೂ ಅಂದು ನನ್ನ ಕಣ್ಣಿಗೆ ಚಿಕ್ಕದಾಗಿ ಕಂಡವು. ಕಂಡದ್ದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಹಣೆಗೆ ಎಣ್ಣೆ ತಂದು ಹಚ್ಚಿ, ಊಟಕ್ಕೆ ಬಾ ಮಗಾ ಎಂದಳು. ಗಲಿವರ್ ಬಗ್ಗಬೇಕಿಲ್ಲದ ಕಡೆ ಬಗ್ಗಿದ, ನಾನು ಬಗ್ಗಬೇಕಾದ ಕಡೆ ಬಗ್ಗಲಿಲ್ಲ. ಇಬ್ಬರಿಗೂ ಆಗಿದ್ದು ಒಂದೇ: ಬೇರೆ ಊರಿನ ಕೋಲು ಹಿಡಿದು ನಮ್ಮ ಮನೆಯನ್ನು ಅಳೆದಿದ್ದೆವು. ಅವನ ಈ ಸನ್ನಿವೇಶ ಓದುವಾಗ ನಾನು ನಕ್ಕದ್ದು ಮೊದಲ ಸಲ ಮಾತ್ರ.

ಮೇರಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದೆ. 1699ರ ಮೇ ತಿಂಗಳಿನಿಂದ 1715ರ ಡಿಸೆಂಬರ್‌ವರೆಗೆ ಹದಿನಾರು ವರ್ಷ ಏಳು ತಿಂಗಳು. ಅಷ್ಟರಲ್ಲಿ ಗಂಡ ಮನೆಯಲ್ಲಿದ್ದದ್ದು ಮೊದಲ ಸಲ ಎರಡು ತಿಂಗಳು, ಎರಡನೇ ಸಲ ಎರಡು ತಿಂಗಳು, ಮೂರನೇ ಸಲ ಐದು ತಿಂಗಳು. ಒಟ್ಟು ಒಂಬತ್ತು ತಿಂಗಳು. ಎರಡನೇ ಯಾನದ ನಂತರ ಇನ್ನು ಸಮುದ್ರಕ್ಕೆ ಹೋಗಕೂಡದು ಎಂದು ಅವಳು ಹಟ ಹಿಡಿದಳು. ಆದರೆ ಕಪ್ತಾನನೊಬ್ಬ ಇಮ್ಮಡಿ ಸಂಬಳ ಕೊಡುವುದಾಗಿ ಕರೆದ, ಮಕ್ಕಳ ಭವಿಷ್ಯ ನೆನೆದು ಅವಳು ಒಪ್ಪಿಗೆ ಕೊಟ್ಟಳು. ನಾಲ್ಕನೇ ಸಲ ಹೊರಟಾಗ ಅವಳು ತುಂಬು ಬಸುರಿ. ಆ ಹೊತ್ತಿಗೆ ಗಲಿವರ್ ಹೋಗುತ್ತಿದ್ದದ್ದು ಹೊಟ್ಟೆಪಾಡಿಗೆ ಮಾತ್ರವಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡಾಗಿತ್ತು.

ನಾಲ್ಕನೇ ಯಾನದಲ್ಲಿ ಅವನು ಕಪ್ತಾನ. ಸಿಬ್ಬಂದಿ ದಂಗೆಯೆದ್ದು ಅವನನ್ನು ಗುರುತಿಲ್ಲದ ದಡದಲ್ಲಿ ಇಳಿಸಿ ಹೋಗುತ್ತಾರೆ. ಅದು ಹುಯ್ನಮ್‌ಗಳೆಂಬ ಮಾತನಾಡುವ ಕುದುರೆಗಳ ನಾಡು. ಅವು ವಿವೇಕಿಗಳು, ಅವುಗಳ ಭಾಷೆಯಲ್ಲಿ ಸುಳ್ಳು ಎಂಬುದಕ್ಕೆ ಪದವೇ ಇಲ್ಲ. ಮನುಷ್ಯರನ್ನೇ ಹೋಲುವ ಯಾಹೂಗಳು ಅಲ್ಲಿಯ ಕೊಳಕು ಪ್ರಾಣಿಗಳು. ಗಲಿವರ್ ಈ ಕುದುರೆಗಳಿಗೆ ಮನಸೋಲುತ್ತಾನೆ. ಅವುಗಳ ನಡಿಗೆ, ಅವುಗಳ ದನಿ ಅವನದಾಗುತ್ತವೆ. ಮನುಷ್ಯಕುಲವೆಲ್ಲ ಯಾಹೂ ಎಂದು ತೀರ್ಮಾನಿಸುತ್ತಾನೆ, ತಾನೂ ಸೇರಿದಂತೆ. ಆದರೆ ಈ ವಿವೇಕಿಗಳ ಮಹಾಸಭೆಯಲ್ಲಿ ಚರ್ಚೆಯಾಗುತ್ತಿದ್ದ ವಿಷಯ, ಯಾಹೂಗಳನ್ನು ಭೂಮಿಯ ಮೇಲಿಂದ ಪೂರ್ತಿ ಅಳಿಸಿಹಾಕಬೇಕೇ ಬೇಡವೇ ಎಂಬುದು. ಗಲಿವರನಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೊನೆಗೆ ಅವನೂ ಯಾಹೂವೇ ಎಂದು ಸಭೆ ಹೊರಹಾಕುತ್ತದೆ. ಆಗ ಅವನು ದೋಣಿ ಕಟ್ಟುತ್ತಾನೆ. ಅದರ ಹೊದಿಕೆ ಯಾಹೂ ಚರ್ಮ, ಸಂದು ಮುಚ್ಚಿದ್ದು ಯಾಹೂ ಕೊಬ್ಬಿನಿಂದ. ಹಾಯಿಗೂ ಅದೇ ಚರ್ಮ. ಮುದಿ ಯಾಹೂಗಳದ್ದು ಗಡುಸು ಎಂದು ಎಳೆಯವುಗಳದ್ದನ್ನು ಆರಿಸಿಕೊಂಡನಂತೆ. ಹಡಗು ಕಟ್ಟುವವರು ಮರದ ಗುಣ ಹೇಳುವ ಹಾಗೆ ಇದನ್ನು ಹೇಳುತ್ತಾನೆ. ನಾನು ಪುಸ್ತಕ ಮಡಚಿಟ್ಟದ್ದು ಈ ಪುಟದಲ್ಲಿ. ತನ್ನ ಕುಲ ಯಾವುದೆಂದು ಒಪ್ಪಿಕೊಂಡ ಮೇಲೂ ಇವನ ಕೈ ನಡುಗಲಿಲ್ಲವಲ್ಲ!

ಆ ದೋಣಿಯಿಂದ ಅವನನ್ನು ಎತ್ತಿಕೊಂಡದ್ದು ಒಂದು ಪೋರ್ಚುಗೀಸ್ ಹಡಗು. ಅದರ ಕಪ್ತಾನ ಡಾನ್ ಪೆದ್ರೊ ದೆ ಮೆಂಡೆಜ್ ನನ್ನ ಮಟ್ಟಿಗೆ ಈ ಕಾದಂಬರಿಯ ಅತಿ ಮುಖ್ಯ ಮನುಷ್ಯ, ಬರುವುದು ಕೆಲವೇ ಪುಟಗಳಲ್ಲಾದರೂ. ಗಲಿವರ್ ಮನುಷ್ಯರ ನಡುವೆ ಇರಲಾರೆ ಎಂದು ಸಮುದ್ರಕ್ಕೆ ಹಾರಲು ಹೋಗುತ್ತಾನೆ. ಪೆದ್ರೊ ತಡೆದು, ಗದರದೆ ಮಾತನಾಡಿಸುತ್ತಾನೆ. ತನ್ನ ಒಳ್ಳೆಯ ಉಡುಪನ್ನು ಕೊಡಲು ಬರುತ್ತಾನೆ. ಯಾಹೂ ತೊಟ್ಟ ಬಟ್ಟೆ ಎಂದು ಗಲಿವರ್ ಅಸಹ್ಯಪಟ್ಟಾಗ ಒಗೆದ ಎರಡು ಅಂಗಿಗಳನ್ನಷ್ಟೇ ಕೊಡುತ್ತಾನೆ. ಲಿಸ್ಬನ್ನಿನಲ್ಲಿ ತನ್ನ ಮನೆಯಲ್ಲೇ ಇರಿಸಿಕೊಂಡು, ಮೊದಲು ಕಿಟಕಿ, ಆಮೇಲೆ ಬಾಗಿಲು, ಆಮೇಲೆ ಬೀದಿ ಎಂದು ಸ್ವಲ್ಪ ಸ್ವಲ್ಪವೇ ಜನರಿಗೆ ಒಗ್ಗಿಸುತ್ತಾನೆ. ಹೆಂಡತಿ ಮಕ್ಕಳ ಬಳಿಗೆ ಹೋಗುವುದು ನಿನ್ನ ಕರ್ತವ್ಯ ಎಂದು ಒಪ್ಪಿಸಿ, ಇಪ್ಪತ್ತು ಪೌಂಡು ಕೈಗಡ ಕೊಟ್ಟು ಹಡಗು ಹತ್ತಿಸುತ್ತಾನೆ. ಇಂಥವನ ಬಗ್ಗೆ ಗಲಿವರ್ ಕೊಡುವ ಪ್ರಮಾಣಪತ್ರವೇನು? ಸ್ವಲ್ಪ ಬುದ್ಧಿಯಿರುವ ಪ್ರಾಣಿ ಎಂದು ಎಣಿಸಿ ನಡೆದುಕೊಂಡೆ, ಅಷ್ಟೇ.

ಸ್ವಿಫ್ಟ್ ಮನುಷ್ಯದ್ವೇಷಿ, ಗಲಿವರನ ಕೊನೆಯ ಮಾತುಗಳೆಲ್ಲ ಅವನವೇ ಎಂದು ಹೇಳುವವರಿದ್ದಾರೆ. 1725ರಲ್ಲಿ ಅವನು ಗೆಳೆಯ ಅಲೆಕ್ಸಾಂಡರ್ ಪೋಪ್‌ಗೆ ಬರೆದ ಪತ್ರ ಬೇರೆಯದನ್ನು ಹೇಳುತ್ತದೆ. ಮನುಷ್ಯ ಎಂಬ ಜಾತಿಯನ್ನು ದ್ವೇಷಿಸುತ್ತೇನೆ, ಆದರೆ ಬಿಡಿ ಬಿಡಿ ಮನುಷ್ಯರನ್ನು ಮನಸಾರೆ ಪ್ರೀತಿಸುತ್ತೇನೆ ಎಂಬುದು ಅದರ ತಾತ್ಪರ್ಯ. ಸ್ವಿಫ್ಟ್‌ಗೆ ಸಾಧ್ಯವಾದ ಆ ಎರಡನೆಯ ಅರ್ಧವೇ ಗಲಿವರನಿಗೆ ಸಾಧ್ಯವಾಗಲಿಲ್ಲ. ಅವನ ಕಣ್ಣೆದುರಿಗೆ ಪೆದ್ರೊ ಇದ್ದ. ಅವನಿಗೆ ಕಂಡದ್ದು ಯಾಹೂ. ಸ್ವಿಫ್ಟ್‌ನ ವಿಡಂಬನೆ ಮನುಷ್ಯಕುಲದ ಮೇಲೆ ಎಷ್ಟಿದೆಯೋ, ಮನುಷ್ಯಕುಲವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿ ತಾನು ಮೇಲೆ ನಿಂತೆ ಎಂದುಕೊಳ್ಳುವ ಈ ಗಲಿವರನ ಮೇಲೂ ಅಷ್ಟೇ ಇದೆ. ತಾನೆಂದೂ ಸುಳ್ಳಾಡಿಲ್ಲ ಎಂದು ಕೊನೆಯ ಅಧ್ಯಾಯದಲ್ಲಿ ಆಣೆ ಮಾಡುವಾಗ ಅವನು ಸಾಕ್ಷಿಗೆ ಕರೆಯುವುದು ವರ್ಜಿಲನ ಕಾವ್ಯದ ಸಿನೋನನ ಮಾತನ್ನು. ಸಿನೋನ್ ಎಂದರೆ ಸುಳ್ಳು ಹೇಳಿ ಟ್ರಾಯ್ ನಗರದೊಳಕ್ಕೆ ಮರದ ಕುದುರೆಯನ್ನು ಬಿಡಿಸಿದವನು. ಅಲ್ಲಿಯೂ ಒಂದು ಕುದುರೆ!

ಆದರೂ ಗಲಿವರನನ್ನು ಬರೀ ಮೂರ್ಖನೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅದೇ ಕೊನೆಯ ಅಧ್ಯಾಯದಲ್ಲಿ, ಕಂಡ ನಾಡುಗಳನ್ನು ರಾಜನ ಹೆಸರಿಗೆ ಏಕೆ ವಶಪಡಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಅವನು ಉತ್ತರ ಕೊಡುತ್ತಾನೆ. ಕಡಲುಗಳ್ಳರು ದಿಕ್ಕು ತಪ್ಪಿ ದಡ ಕಾಣುತ್ತಾರೆ, ಉಪಚರಿಸಿದ ಜನರಲ್ಲಿ ಕೆಲವರನ್ನು ಕೊಲ್ಲುತ್ತಾರೆ, ಇಬ್ಬರನ್ನು ಮಾದರಿಗೆಂದು ಬಲವಂತದಿಂದ ಎತ್ತಿಕೊಂಡು ಹೋಗುತ್ತಾರೆ, ಊರಿಗೆ ಬಂದು ಕ್ಷಮೆ ಪಡೆಯುತ್ತಾರೆ; ಅಲ್ಲಿಗೆ ದೈವದತ್ತ ಹಕ್ಕಿನ ಹೊಸ ಸಾಮ್ರಾಜ್ಯ ಸಿದ್ಧ. ಪ್ಲಾಸಿ ಕದನಕ್ಕೆ ಮೂವತ್ತು ವರ್ಷ ಮೊದಲು ಒಬ್ಬ ಹಡಗಿನ ವೈದ್ಯನ ಬಾಯಲ್ಲಿ ಬಂದ ಮಾತಿದು. ಇಷ್ಟು ನಿಚ್ಚಳವಾಗಿ ಕಾಣುವ ಕಣ್ಣು ಅವನದು. ಮದರಾಸಿನಿಂದ ಹೋದ ಜಿಯೋಲಿಯ ಕಥೆಯೂ ಇದರಲ್ಲಿದೆ, ಗಲಿವರ್ ತರಬೇಕೆಂದಿದ್ದ ಆ ಒಂದು ಡಜನ್ ಕುಳ್ಳರ ಕಥೆಯೂ ಇದೆ. ಇದೆಲ್ಲ ಬ್ರಿಟಿಷರಿಗೆ ಅನ್ವಯಿಸುವುದಿಲ್ಲ ಎಂದು ಕೂಡಲೇ ಸೇರಿಸುತ್ತಾನೆ. ಅನ್ವಯಿಸುತ್ತದೆಂದು ಓದುವ ನಮಗೆ ಗೊತ್ತು.

1715ರ ಡಿಸೆಂಬರ್ 5ರಂದು ಅವನು ಮನೆ ತಲುಪಿದ. ಸತ್ತೇ ಹೋದನೆಂದುಕೊಂಡಿದ್ದ ಹೆಂಡತಿ ಮಕ್ಕಳಿಗೆ ಹಿಡಿಸಲಾರದಷ್ಟು ಸಂತೋಷ. ಮೇರಿ ಅಪ್ಪಿ ಮುತ್ತಿಟ್ಟಳು. ಅವನು ಮೂರ್ಛೆ ಹೋಗಿ ಸುಮಾರು ಒಂದು ಗಂಟೆ ಬಿದ್ದಿದ್ದ. ಮೊದಲ ದುಡ್ಡಿನಲ್ಲಿ ಎರಡು ಗಂಡು ಕುದುರೆ ಕೊಂಡು, ದಿನಕ್ಕೆ ನಾಲ್ಕು ಗಂಟೆ ಅವುಗಳ ಜೊತೆ ಮಾತನಾಡುತ್ತಾನೆ. ಮನುಷ್ಯರ ವಾಸನೆ ತಡೆಯಲು ಮೂಗಿಗೆ ಹೊಗೆಸೊಪ್ಪು ತುರುಕಿಕೊಳ್ಳುತ್ತಾನೆ. ಹೆಂಡತಿ ಮಕ್ಕಳು ಅವನ ರೊಟ್ಟಿ ಮುಟ್ಟುವಂತಿಲ್ಲ, ಅವನು ಕುಡಿದ ಬಟ್ಟಲಿನಲ್ಲಿ ಕುಡಿಯುವಂತಿಲ್ಲ. ಬೇರೆ ಲೋಟ, ಬೇರೆ ತಟ್ಟೆ ಎಂದರೆ ಏನೆಂದು ನಮ್ಮ ನಾಡಿನ ಓದುಗರಿಗೆ ಯಾರೂ ವಿವರಿಸಬೇಕಿಲ್ಲ.

ಐದು ವರ್ಷ ಕಳೆದ ಮೇಲೆ, ಪುಸ್ತಕ ಮುಗಿಸುವ ಹೊತ್ತಿಗೆ, ಅವನಲ್ಲಿ ಕೊಂಚ ಸುಧಾರಣೆ. ಕಳೆದ ವಾರದಿಂದ ಹೆಂಡತಿಗೆ ತನ್ನ ಜೊತೆ ಊಟಕ್ಕೆ ಕೂರಲು ಅನುಮತಿ ಕೊಟ್ಟಿದ್ದಾನಂತೆ. ಉದ್ದನೆಯ ಮೇಜಿನ ಆ ಕೊನೆಯಲ್ಲಿ ಅವಳು ಕೂರಬೇಕು, ಕೇಳಿದ್ದಕ್ಕಷ್ಟೇ ಚುಟುಕಾಗಿ ಉತ್ತರಿಸಬೇಕು. ಮೇರಿ ಹಾಗೆಯೇ ಕೂರುತ್ತಾಳೆ. ಕೋಟೆಗೋಡೆಯ ಅಗಲವನ್ನೂ ಬಿಡದೆ ಅಳೆದ ಗಲಿವರ್, ಆ ಮೇಜು ಎಷ್ಟು ಉದ್ದವಿತ್ತೆಂದು ಮಾತ್ರ ಹೇಳುವುದಿಲ್ಲ.